ಪಿಷ್ಟಾಭಾವ ವಿಚಾರ: ಬೊರಿವಲಿಯಲ್ಲಿ ಹಿಟ್ಟಿಲ್ಲದ ಕೇಕು

ಪೀಠಿಕೆ

ವಿಷಯ ಕೊಡೆಯ ಕಡ್ಡಿಯೇ ಆಗಿರಲಿ, ಕನ್ನಡದ ಸಂಶೋಧನ ಪ್ರಬಂಧ ಕವಿರಾಜಮಾರ್ಗದಿಂದಲೇ ಹೊರಡಬೇಕು ಎಂಬುದು ವಿದ್ವತ್ ವಲಯದ ಅಲಿಖಿತ ನಿಯಮ. ಬೊರಿವಲಿಯ ಸಂಶೋಧಕನಿಗೆ ಇದರಲ್ಲಿ ಹೆಚ್ಚಿನ ಅನುಕೂಲವುಂಟು. ಸ್ಟೇಷನ್ನಿನ ಪೂರ್ವಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅದರೊಳಗೆ ಕಾನ್ಹೇರಿಯ ಬೌದ್ಧ ಗುಹೆಗಳು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಅಮೋಘವರ್ಷನೆಂದರೆ ನೃಪತುಂಗ, ನೃಪತುಂಗನೆಂದರೆ ಕವಿರಾಜಮಾರ್ಗ. ಆದ್ದರಿಂದ ಮಾರ್ಗವು ಬೊರಿವಲಿಯ ಮೇಲೆಯೇ ಹಾದುಹೋಗುತ್ತದೆಂದು ಸಾಧಿಸಿದಂತಾಯಿತು. ಅಲ್ಲಿಂದ ಕೇಕಿಗೆ ಬರಲು ಒಂದು ಶೇರ್ ರಿಕ್ಷಾ ಸಾಕು.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಆರಂಭದಲ್ಲೇ ಹೇಳಿಬಿಡಬೇಕು. ಇಲ್ಲಿ ವಿಷಯ: ಮೈದಾ, ಸಕ್ಕರೆ ಎರಡನ್ನೂ ಬಿಟ್ಟು ಮನೆಯಲ್ಲೇ ಬೇಯಿಸಿದ ಚಾಕೊಲೇಟ್ ಕೇಕು. ಪ್ರಯೋಜನ: ರಕ್ತದ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿ ಇಳಿಯುವುದು. ಸಂಬಂಧ: ಅತ್ತೆ-ಸೊಸೆಯರದು. ಅಧಿಕಾರಿ, ಎಂದರೆ ಇದನ್ನು ತಿನ್ನಲು ಯೋಗ್ಯನಾರು ಎಂಬುದು ಬಹಳ ಜಟಿಲವಾದ್ದರಿಂದ ಅದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಲಾಗಿದೆ.

ವಸ್ತುನಿಷ್ಠತೆಯ ಬಗ್ಗೆ ಒಂದು ಮಾತು. ಸಂಶೋಧಕನು ತನ್ನ ಹೆತ್ತ ತಾಯಿಯನ್ನು ಈ ಪ್ರಬಂಧದ ಉದ್ದಕ್ಕೂ ‘ಅತ್ತೆ’ ಎಂದೂ, ಕೈಹಿಡಿದವಳನ್ನು ‘ಸೊಸೆ’ ಎಂದೂ ಕರೆಯುತ್ತಾನೆ. ಹೀಗೆ ಮಾಡಿದರೆ ಸಂಶೋಧಕ ಯಾರ ಪಕ್ಷವೂ ಅಲ್ಲವೆಂದು ತೋರುತ್ತದೆ. ಒಂದೇ ಒನ್ ಬಿಎಚ್‌ಕೆಯಲ್ಲಿ ಬಾಳಬೇಕಾದವನಿಗೆ ಇದಕ್ಕಿಂತ ಉತ್ತಮ ಸಂಶೋಧನ ವಿಧಾನ ಇನ್ನೊಂದಿಲ್ಲ.

ಅಧ್ಯಾಯ 1: ಪೂರ್ವಸೂರಿಗಳು

ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ಬರಗಾಲವಿಲ್ಲ. ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿ ಬಾವಿ ತೋಡುವುದರ ಜೊತೆಗೆ ಅಡುಗೆಯೂ ಬರುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರದಲ್ಲಂತೂ ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನ ಅಡುಗೆಗೆ, ಒಂದು ಅಧ್ಯಾಯವೇ ಇದೆ. ಪಿಷ್ಟವಿಲ್ಲದ ಕೇಕಿಗೆ ಅಧ್ಯಾಯ ಕಾಣದು. ಷಟ್ಪದಿಯಲ್ಲಿ ಅಡುಗೆ ಹೇಳಬಲ್ಲವನಿಗೂ ಹೊಳೆಯದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಅಧ್ಯಯನದ ಗುರಿ.

ಪಾಶ್ಚಾತ್ಯ ಪೂರ್ವಸೂರಿಗಳಲ್ಲಿ ಮೊದಲು ನೆನೆಯಬೇಕಾದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೆಳ್ಳಗಾದ ಕಥೆಯನ್ನು ಇವನು 1863ರಲ್ಲಿ ಪುಸ್ತಿಕೆ ಮಾಡಿ ಹಂಚಿದ. ವೃತ್ತಿ ಅಂತ್ಯಕ್ರಿಯೆಯ ಏರ್ಪಾಡು. ಆದ್ದರಿಂದ ದೇಹದ ಅಳತೆಯ ವಿಷಯದಲ್ಲಿ ಇವನ ಮಾತಿಗೆ ಆಪ್ತವಾಕ್ಯದ ತೂಕವಿದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅಪಸ್ಮಾರದ ರೋಗಿಗಳಿಗಾಗಿ ಕಾರ್ಬು ಇಳಿಸಿ ಕೊಬ್ಬು ಏರಿಸುವ ಕೀಟೋ ಆಹಾರವನ್ನು ಸೂಚಿಸಿದ. 1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಅಂಥದ್ದೇ ತತ್ತ್ವವನ್ನು ತೂಕ ಇಳಿಸುವವರ ಕೈಗೆ ಕೊಟ್ಟ. ಅಪಸ್ಮಾರದಿಂದ ಆರಂಭವಾದದ್ದು ಹೀಗೆ ಬೊರಿವಲಿ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿಯನ್ನು ತಲುಪಿತು. ಅಲ್ಲಿಂದ ಸೊಸೆಯ ಮೂಲಕ ಮನೆಗೆ ಬಂತು.

ಅಧ್ಯಾಯ 2: ದ್ರವ್ಯ ವಿಚಾರ

ಕೊಕ್ಕೊ ಮರಕ್ಕೆ 1753ರಲ್ಲಿ ಹೆಸರಿಟ್ಟ ಲಿನೇಯಸ್ ಅದನ್ನು ದೇವತೆಗಳ ಆಹಾರವೆಂದ. ಅತ್ತೆಯ ಅನುಭವ ಬೇರೆ. ಅವರ ತವರು ಪುತ್ತೂರು ಕಡೆ. ಅಡಿಕೆ ತೋಟದ ನೆರಳಲ್ಲಿ ಕೊಕ್ಕೊ ಕಾಯಿ ಮೊದಲು ಅಳಿಲಿನ ಆಹಾರ, ಆಮೇಲೆ ಮಂಗನದು, ಮಿಕ್ಕಿದ್ದಾದರೆ ಮಕ್ಕಳದು. ಮಕ್ಕಳೂ ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪಿ ಬೀಜ ಉಗುಳುತ್ತಿದ್ದರು. ಆ ಉಗುಳುವ ಬೀಜವೇ ಚಾಕೊಲೇಟು ಎಂದು ಆಗ ಹೇಳಿದವರಿಲ್ಲ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ, ಕೊಕ್ಕೊ ಕೊಳ್ಳುವವರಿಲ್ಲದೆ ಬೆಲೆ ಬಿದ್ದಾಗ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಎದ್ದಿತು. ಈಗ ಊರಿಂದ ಬರುವವರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಜೊತೆಗೆ ಕೊಕ್ಕೊ ಪುಡಿಯ ಪೊಟ್ಟಣವೂ ಇರುತ್ತದೆ. ಸಂಶೋಧನೆಗೆ ಬೇಕಾದ ಮುಖ್ಯ ದ್ರವ್ಯ ಹೀಗೆ ಮಾತೃಪಕ್ಷದಿಂದಲೇ ಒದಗಿತು.

ಉಳಿದ ದ್ರವ್ಯಗಳು: 85% ಕಪ್ಪು ಚಾಕೊಲೇಟು 200 ಗ್ರಾಂ, ಬೆಣ್ಣೆ 150 ಗ್ರಾಂ, ಮೊಟ್ಟೆ 6, ಎರಿಥ್ರಿಟಾಲ್ ಪುಡಿ 120 ಗ್ರಾಂ, ಚಿಟಿಕೆ ಉಪ್ಪು, ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್. ಚಾಕೊಲೇಟಿನ ಶೇಕಡಾವಾರು ಲೆಕ್ಕದಲ್ಲಿ ವಿದ್ವಾಂಸರೂ ಎಡವುತ್ತಾರೆ. 85% ಎಂದರೆ ಉಳಿದ 15ರಲ್ಲಿ ಹೆಚ್ಚಿನದು ಸಕ್ಕರೆ. 70% ಎಂದು ಹೆಮ್ಮೆಯಿಂದ ತಂದರೆ ಸುಮಾರು 30ರಷ್ಟು ಸಕ್ಕರೆ ಹಿಂಬಾಗಿಲಿನಿಂದ ಒಳಗೆ ಬಂದಾಯಿತು.

ಎರಿಥ್ರಿಟಾಲಿಗೆ ಸಕ್ಕರೆಯ ಸುಮಾರು 70% ಸಿಹಿ, ಕ್ಯಾಲರಿ ಹೆಚ್ಚುಕಡಿಮೆ ಇಲ್ಲ. ಆದರೆ ಕರಗುವಾಗ ಸುತ್ತಲಿನ ಶಾಖವನ್ನು ಹೀರುವುದರಿಂದ ನಾಲಗೆಗೆ ತಂಪು ತಟ್ಟುತ್ತದೆ. ಹಿಟ್ಟು ಕಲಸಿದ ಬೆರಳನ್ನು ನೆಕ್ಕಿ ನೋಡಿದ ಅತ್ತೆ, “ಇದಕ್ಕೆ ಪೆಪ್ಪರ್‌ಮಿಂಟ್ ಹಾಕಿದ್ದಾ ಮಾರಾಯ್ತಿ?” ಎಂದು ಕೇಳಿದ್ದು ರಸಾಯನಶಾಸ್ತ್ರಕ್ಕೆ ಅನುಗುಣವಾದ ಪ್ರಶ್ನೆ. ಇಲ್ಲಿ ‘ಹಿಟ್ಟು ಕಲಸಿದ’ ಎಂಬ ಪ್ರಯೋಗವನ್ನು ಸೊಸೆ ಆಕ್ಷೇಪಿಸಿದ್ದಾರೆ. ಆಕ್ಷೇಪ ದಾಖಲಾಗಿದೆ.

ಅಧ್ಯಾಯ 3: ಪ್ರಯೋಗ

ಬೆಣ್ಣೆ, ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಬೇಕು. ಒಂದು ಹನಿ ನೀರು ಬಿದ್ದರೂ ಚಾಕೊಲೇಟು ಮರಳು ಮರಳಾಗುತ್ತದೆ. ಮೊಟ್ಟೆಯನ್ನೂ ಎರಿಥ್ರಿಟಾಲನ್ನೂ ಸೇರಿಸಿ, ಬೀಟರಿನಿಂದ ಎತ್ತಿದರೆ ಪಟ್ಟಿಯಾಗಿ ಬೀಳುವಷ್ಟು ನೊರೆ ಬರಿಸಬೇಕು. ಬಳಿಕ ಎರಡನ್ನೂ ಸೇರಿಸುವಾಗ ಕಲಕುವಂತಿಲ್ಲ, ಕೆಳಗಿನಿಂದ ಮೇಲಕ್ಕೆ ಮಗುಚಬೇಕು. ನೊರೆಯಲ್ಲಿರುವ ಗಾಳಿಯೇ ಈ ಕೇಕಿನ ಬೇಕಿಂಗ್ ಪೌಡರು. ಕೊಕ್ಕೊ ಪುಡಿಯನ್ನು ಜರಡಿ ಹಿಡಿದು ಉದುರಿಸಿ, ಟಿನ್ನನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಓಟಿಜಿಯಲ್ಲಿ 160 ಡಿಗ್ರಿಯಲ್ಲಿ, ಅಂಚು ಗಟ್ಟಿಯಾಗಿ ನಡು ಸ್ವಲ್ಪ ನಡುಗುವವರೆಗೆ ಬೇಯಿಸಬೇಕು.

ಸಾಮಾನ್ಯ ಕೇಕಿನಲ್ಲಿ ಮೈದಾದ ಗ್ಲುಟೆನ್ನೂ ನೀರು ಕುಡಿದು ಉಬ್ಬಿದ ಪಿಷ್ಟವೂ ಸೇರಿ ಗೋಡೆ ಕಟ್ಟುತ್ತವೆ. ಇಲ್ಲಿ ಗೋಡೆ ಮೊಟ್ಟೆಯ ಪ್ರೋಟೀನಿನದೊಂದೇ. ಆವಿ ಒಳಗಿರುವಷ್ಟು ಹೊತ್ತು ಕೇಕು ಟಿನ್ನಿನ ಅಂಚು ಮೀರಿ ಎದೆಯುಬ್ಬಿಸಿ ನಿಂತಿತ್ತು. ಹೊರಗೆ ತೆಗೆದಿಟ್ಟಾಗ ಆವಿ ತಣಿಯಿತು; ವಿಸರ್ಜನೆ ಮುಗಿದ ಮರುದಿನದ ಗಣಪತಿ ಪೆಂಡಾಲಿನ ಹಾಗೆ ನಡು ಮೆಲ್ಲಗೆ ಕುಸಿಯಿತು, ಮೇಲ್ಮೈಯಲ್ಲಿ ಬಿರುಕು ಹರಿಯಿತು. ಪಾಕಪಂಡಿತರ ಪ್ರಕಾರ ಇದು ದೋಷವಲ್ಲ, ಲಕ್ಷಣ. ಸಿಂಕಿನ ಕಡೆ ನೋಡಿದ ಅತ್ತೆಯ ಅಭಿಪ್ರಾಯ ಮಾತ್ರ ಇನ್ನೊಂದು ದಿಕ್ಕಿನದು: “ಹಿಟ್ಟೂ ಇಲ್ಲ, ಸಕ್ಕರೆಯೂ ಇಲ್ಲ, ಮತ್ತೆ ಇಷ್ಟು ಪಾತ್ರೆ ಮುಸುರೆಗೆ ಬಿದ್ದದ್ದು ಹೇಗೆ?”

ಅಧ್ಯಾಯ 4: ಅಭಾವ ಮೀಮಾಂಸೆ

ಈಗ ಪ್ರಬಂಧದ ಹೃದಯಕ್ಕೆ ಬಂದೆವು. ವೈಶೇಷಿಕರಲ್ಲಿ ಅಭಾವವೂ ಒಂದು ಪದಾರ್ಥ, ಏಳನೆಯದು. ಇಲ್ಲದಿರುವುದನ್ನೂ ಇರುವುದರ ಪಟ್ಟಿಗೆ ಸೇರಿಸಿದ ಈ ದಾರ್ಶನಿಕರು, ಹಿಟ್ಟಿಲ್ಲದ ಕೇಕಿನ ತಾತ್ತ್ವಿಕ ಪಿತಾಮಹರು. ಅಭಾವದಲ್ಲಿ ನಾಲ್ಕು ಬಗೆ.

ಮೊದಲನೆಯದು ಪ್ರಾಗಭಾವ, ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ನಾಳೆ ಬೆಳಗಿನ ಉಪ್ಪಿಟ್ಟು ಈಗ ಪ್ರಾಗಭಾವದಲ್ಲಿದೆ. ಪಥ್ಯದ ನಿರ್ಧಾರಗಳೆಲ್ಲ ಈ ಅಭಾವದ ಅಂತ್ಯದೊಂದಿಗೆ ಅಂತ್ಯ ಕಾಣುತ್ತವೆ.

ಎರಡನೆಯದು ಪ್ರಧ್ವಂಸಾಭಾವ, ನಾಶವಾದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಸೊಸೆಯು ಡಬ್ಬಿಯ ಮೈದಾವನ್ನು ಮನೆಗೆಲಸದ ಮೌಶಿಗೆ ಕೊಟ್ಟ ಕ್ಷಣದಲ್ಲಿ ಇದು ಆರಂಭವಾಯಿತು. ದೀಪಾವಳಿಗೆ ಶಂಕರಪೋಳಿಗೆಂದು ಹೊಸ ಮೈದಾ ಬಂತಲ್ಲ ಎಂದು ಪೂರ್ವಪಕ್ಷಿಗಳು ಕುಣಿಯಬಹುದು. ಆದರೆ ಅದು ಬೇರೆ ಮೈದಾ. ಕೊಟ್ಟ ಮೈದಾದ ಅಭಾವಕ್ಕೆ ಇದರಿಂದ ಕುಂದಿಲ್ಲ.

ಮೂರನೆಯದು ಅತ್ಯಂತಾಭಾವ, ಭೂತ, ಭವಿಷ್ಯ, ವರ್ತಮಾನ ಮೂರರಲ್ಲೂ ಇಲ್ಲದಿರುವುದು, ಗಾಳಿಗೆ ಬಣ್ಣವಿಲ್ಲದ ಹಾಗೆ. ಕೇಕಿನಲ್ಲಿ ಹಿಟ್ಟಿನ ಅತ್ಯಂತಾಭಾವವಿದೆ ಎಂಬುದು ಸೊಸೆಯ ಪ್ರತಿಜ್ಞೆ. ಕೇಕು ಟಿನ್ನಿಗೆ ಅಂಟದಿರಲೆಂದು ಬೆಣ್ಣೆ ಸವರಿ ಮೈದಾ ಉದುರಿಸುವ ಪಾರಂಪರಿಕ ಕ್ರಮವನ್ನು ಅವರು ಕೈಬಿಟ್ಟು ಕೊಕ್ಕೊ ಪುಡಿ ಉದುರಿಸಿದ್ದು ಇದೇ ಕಾರಣಕ್ಕೆ. ಚಿಟಿಕೆ ಮೈದಾ ತಗಲಿದ್ದರೂ ಅತ್ಯಂತಾಭಾವ ಕೆಡುತ್ತಿತ್ತು, ಸಿದ್ಧಾಂತ ಬೀಳುತ್ತಿತ್ತು, ಅತ್ತೆ ಗೆಲ್ಲುತ್ತಿದ್ದರು.

ನಾಲ್ಕನೆಯದು ಅನ್ಯೋನ್ಯಾಭಾವ, ಘಟ ಪಟವಲ್ಲ, ಪಟ ಘಟವಲ್ಲ ಎಂಬುದು. ಪಕ್ಕದ ಮನೆಯ ಹುಡುಗ ಒಂದು ತುಂಡು ತಿಂದು, “ಅಂಕಲ್, ಚೆನ್ನಾಗಿದೆ, ಆದರೆ ಇದು ಕೇಕಲ್ಲ” ಎಂದಾಗ ಯಾವ ಗುರುಕುಲಕ್ಕೂ ಹೋಗದೆ ಈ ನಾಲ್ಕನೆಯದನ್ನು ಮುಟ್ಟಿದ್ದ.

ಇಷ್ಟಕ್ಕೇ ಮುಗಿಯದು. ಒಂದು ವಸ್ತುವಿನ ಅಭಾವವನ್ನು ತಿಳಿಯಬೇಕಾದರೆ ಆ ವಸ್ತುವಿನ ಜ್ಞಾನ ಮೊದಲು ಬೇಕು ಎಂಬುದು ನೈಯಾಯಿಕರ ಪ್ರಸಿದ್ಧ ಮಾತು. ಇಲ್ಲದ ವಸ್ತುವಿಗೆ ಅವರು ಪ್ರತಿಯೋಗಿ ಎನ್ನುತ್ತಾರೆ. ಗಡಿಗೆ ಎಂದರೇನೆಂದು ಅರಿಯದವನಿಗೆ ನೆಲದ ಮೇಲೆ ಗಡಿಗೆ ಇಲ್ಲವೆಂದು ಹೊಳೆಯುವುದೇ ಇಲ್ಲ. ಇದರ ಸತ್ಯ ಈ ಮನೆಯಲ್ಲಿ ಪ್ರತ್ಯಕ್ಷವಾಗಿದೆ. ಮೈದಾ ಡಬ್ಬಿಯಲ್ಲಿದ್ದ ಕಾಲದಲ್ಲಿ ಅದರ ಹೆಸರು ಹಬ್ಬಕ್ಕೊಮ್ಮೆ ಬರುತ್ತಿತ್ತು. ಅದು ಹೋದಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಸೊಸೆ ಎಲ್‌ಟಿ ರೋಡಿನ ಅಂಗಡಿಯಲ್ಲಿ ನಿಂತು ಪ್ರತಿ ಪ್ಯಾಕೆಟ್ಟಿನ ಬೆನ್ನನ್ನು ಓದುತ್ತಾರೆ. ಅತ್ತೆ ಪುತ್ತೂರಿಗೆ ಫೋನು ಮಾಡಿ ಪಿಷ್ಟ ನೀರುದೋಸೆಯಲ್ಲಿ ಹೆಚ್ಚೋ, ಪುಂಡಿಯಲ್ಲಿ ಹೆಚ್ಚೋ ಎಂದು ತಂಗಿಯ ಹತ್ತಿರ ವಿಚಾರಿಸುತ್ತಾರೆ. ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಅನ್ನವಿಲ್ಲ, ಅದರ ಸುತ್ತ ಚರ್ಚೆ ರಾಶಿ ರಾಶಿ. ಇದ್ದಾಗ ಎರಡು ಕಿಲೋ ಡಬ್ಬಿಯಲ್ಲಿ ಅಡಗಿದ್ದ ಹಿಟ್ಟು, ಇಲ್ಲವಾದ ಮೇಲೆ ಇಡೀ ಒನ್ ಬಿಎಚ್‌ಕೆಯನ್ನು ವ್ಯಾಪಿಸಿತು. ಹಿಟ್ಟಿಲ್ಲದ ಕೇಕನ್ನು ತಿನ್ನುವವನು ಹಿಟ್ಟನ್ನೇ ಧ್ಯಾನಿಸುತ್ತಾನೆ ಎಂಬುದು ಈ ಪ್ರಬಂಧದ ಸಿದ್ಧಾಂತ.

ಅಧ್ಯಾಯ 5: ಅಧಿಕಾರಿ ನಿರ್ಣಯ

ಎದುರುಮನೆಯ ಗುಜರಾತಿ ಬೆನ್ ಜೈನರು. ಬಾಗಿಲಲ್ಲೇ ನಿಂತು ಅವರು ಕೇಳಿದ ಪ್ರಶ್ನೆ ಒಂದೇ: “ಎಗ್‌ಲೆಸ್ ಛೇ ನೇ?” ಬೊರಿವಲಿಯ ಕೇಕಿನಂಗಡಿಗಳು ಈ ಪ್ರಶ್ನೆಗೆ ಬೋರ್ಡಿನಲ್ಲೇ ಉತ್ತರ ಬರೆದಿಟ್ಟಿವೆ. ಆದರೆ ಮೊಟ್ಟೆ ಬಿಟ್ಟ ಕೇಕು ನಿಲ್ಲುವುದು ಮೈದಾದ ಬಲದಿಂದ, ಮೈದಾ ಬಿಟ್ಟದ್ದು ಮೊಟ್ಟೆಯ ಬಲದಿಂದ. ಎರಡನ್ನೂ ಬಿಟ್ಟು ಟಿನ್ನಿನಲ್ಲಿ ಬೇಯಿಸಿದರೆ ಬೆಣ್ಣೆ ಮೇಲೆ ತೇಲಿ ಚಾಕೊಲೇಟು ಕೆಳಗೆ ಕೂರುತ್ತದೆ. ಮಂಗರಸನೂ ಜೈನನೇ. ಅವನೇನಾದರೂ ಈ ಮಹಡಿಗೆ ಬಂದಿದ್ದರೆ ಬೆನ್ ಮನೆಗೆ ಊಟಕ್ಕೆ ಹೋಗುತ್ತಿದ್ದ, ನಮ್ಮ ಬೆಲ್ ಒತ್ತುತ್ತಿರಲಿಲ್ಲ.

ಬೆನ್‌ಗೆ ಮೊಟ್ಟೆ ಆಗದು. ಅತ್ತೆಗೆ ಸಕ್ಕರೆ ಆಗದು, ಆದರೆ ಸಕ್ಕರೆಯೇ ಬೇಕು. ಸೊಸೆಗೆ ಎರಡೂ ಆಗುತ್ತದೆ, ಆದರೆ ಕ್ಯಾಲರಿಯ ಲೆಕ್ಕ ಅಡ್ಡ ಬರುತ್ತದೆ. ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4 ಕಿಲೋ ಕ್ಯಾಲರಿ, ಒಂದು ಗ್ರಾಂ ಕೊಬ್ಬಿಗೆ 9. ಕಾರ್ಬು ಇಳಿಸಲು ಬೆಣ್ಣೆ ಏರಿಸಿದ್ದಾಗಿದೆ. ರಕ್ತದ ಸಕ್ಕರೆ ಮೇಲಕ್ಕೆ ಹಾರದಿದ್ದರೂ ತೂಕದ ಯಂತ್ರಕ್ಕೆ ತತ್ತ್ವಶಾಸ್ತ್ರ ಬರುವುದಿಲ್ಲ. ಹೀಗಾಗಿ ನಿರ್ವಿವಾದ ಅಧಿಕಾರಿ ಸಂಶೋಧಕನೊಬ್ಬನೇ ಉಳಿದ. ಅವನು ತನ್ನ ಕರ್ತವ್ಯವನ್ನು ಫ್ರಿಜ್ಜಿನ ಬಾಗಿಲು ತೆರೆದೇ ನಿರ್ವಹಿಸಿದ.

ಮೌಖಿಕ ಪರೀಕ್ಷೆ

ಬಾಹ್ಯ ಪರೀಕ್ಷಕರಾಗಿ ಅಕ್ಕನ ಗಂಡ, ಭಾವ, ಭಾನುವಾರ ಸಂಜೆ ಆಗಮಿಸಿದರು. ಹೋಟೆಲಿನ ಗಲ್ಲಾದ ಹಿಂದೆ ಆಯುಸ್ಸು ಸವೆಸಿದವರು. ಅಭಾವದ ನಾಲ್ಕು ಬಗೆಗಳನ್ನು ಕೇಳಿ ತಲೆಯಾಡಿಸಿದರು, ಕಡಲೆಹಿಟ್ಟಿನ ಅಭಾವ ಬಂದ ದಿನ ಬಜ್ಜಿಯ ಆರ್ಡರು ಹೆಚ್ಚು ಬರುತ್ತದೆಂದು ಪ್ರತಿಯೋಗಿ ವಾದಕ್ಕೆ ಹೊಸ ದೃಷ್ಟಾಂತವನ್ನೂ ಕೊಟ್ಟರು. ಬಳಿಕ ಅವರ ಮೊದಲ ಪ್ರಶ್ನೆ: “ಪೀಸಿಗೆ ಎಷ್ಟು ಬೀಳುತ್ತದೆ?”

ಚಾಕೊಲೇಟು, ಬೆಣ್ಣೆ, ಎರಿಥ್ರಿಟಾಲಿನ ಬಿಲ್ಲು ಕೂಡಿಸಿ ಸೊಸೆ ಲೆಕ್ಕ ಒಪ್ಪಿಸಿದರು.

“ಈ ದುಡ್ಡಿಗೆ ನಾನು ಒಂದು ಟೇಬಲಿಗೆ ಮಸಾಲೆ ದೋಸೆ ಹಾಕಿ ಮೇಲೆ ಕಾಫಿಯೂ ಕೊಡುತ್ತೇನೆ” ಎಂದರು ಭಾವ. ಆದರೂ ಒಂದು ತುಂಡು ತಿಂದರು, ಕಣ್ಣು ಮುಚ್ಚಿ ಇನ್ನೊಂದು ತಿಂದರು. ಆಂತರಿಕ ಪರೀಕ್ಷಕರಾದ ಅತ್ತೆ ಈ ನಡುವೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು; ಪೆಪ್ಪರ್‌ಮಿಂಟಿನ ಪ್ರಸ್ತಾಪವನ್ನು ಮತ್ತೆ ಎತ್ತಲಿಲ್ಲ. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ತುಳುವಿನಲ್ಲಿ ಸಮಾಲೋಚಿಸಿ ಹೊರಬಂದು ಜಂಟಿ ವರದಿಯನ್ನು ಸಲ್ಲಿಸಿದರು. ಪ್ರಬಂಧವನ್ನು ಪದವಿಗೆ ಅಂಗೀಕರಿಸಬಹುದು, ಆದರೆ ಒಂದು ಸಣ್ಣ ತಿದ್ದುಪಡಿಯ ನಂತರ: ಮುಂದಿನ ಸಲ ಎರಡು ಚಮಚ ಮೈದಾ ಹಾಕತಕ್ಕದ್ದು.