ಕೊಳ್ಳದ ಕೋವಿಯ ಯಜಮಾನ

ಪರದೇಶದಲ್ಲಿ ನೆಲೆಸಿದ ಕನ್ನಡಿಗರನ್ನು ವರ್ಗೀಕರಿಸುವವರು ಉದ್ಯೋಗ, ಊರು, ಊಟ ಎಂಬ ಮೂರು ಆಧಾರಗಳನ್ನು ಬಳಸುವುದು ರೂಢಿಯಾದರೂ, ಸ್ವೀಡನ್ನಿನ ಮಟ್ಟಿಗೆ ನಾಲ್ಕನೆಯದೊಂದನ್ನು ಸೇರಿಸದೆ ಅಧ್ಯಯನ ಪೂರ್ಣವಾಗುವುದಿಲ್ಲ: ವಸ್ತುವೊಂದನ್ನು ಕೊಳ್ಳುವ ಆಸೆ ಹುಟ್ಟಿದ ದಿನಕ್ಕೂ ಅದಕ್ಕೆ ಹಣ ತೆರುವ ದಿನಕ್ಕೂ ನಡುವೆ ಮನುಷ್ಯ ಎಷ್ಟು ಕಾಲ ಸುಖವಾಗಿ ಬಾಳಬಲ್ಲ ಎಂಬುದೇ ಆ ಆಧಾರ. ಈ ನಡುವಣ ಪ್ರದೇಶದಲ್ಲಿ ಕಾಯಂ ನೆಲೆ ಹೂಡಿದವನನ್ನು, ಬೇರೆ ಹೆಸರಿಲ್ಲದ ಕಾರಣ, ನಿರ್ಣಯಪೂರ್ವ ಗ್ರಾಹಕನೆನ್ನಬಹುದು. ದಾವಣಗೆರೆಯಲ್ಲೋ ಹಾಸನದಲ್ಲೋ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಕಾಲ ದುಡಿದು, ಈಗ ಸ್ಟಾಕ್‌ಹೋಮ್ ಬಳಿಯ ಕಿಸ್ತಾದ ದೂರಸಂಪರ್ಕ ಕಚೇರಿಗಳಲ್ಲೊಂದರಲ್ಲಿ ಹಿರಿಯ ಹುದ್ದೆಗೇರಿರುವ ಈತ, ಮಿಕ್ಸಿ, ಕಾರು ಮತ್ತು ಹಿಮದಲ್ಲಿ ಜಾರದ ಮೊಳೆಟೈರುಗಳ ಮೇಲೆ ಕೈ ಪಳಗಿಸಿಕೊಂಡು, ನಡುವಯಸ್ಸಿನ ಹೊತ್ತಿಗೆ ತನ್ನ ಪ್ರತಿಭೆಗೆ ತಕ್ಕ ವಿಷಯವನ್ನು ಕಂಡುಕೊಳ್ಳುತ್ತಾನೆ. ಅದು ಬೋಲ್ಟ್ ಆಕ್ಷನ್ನಿನ ರಿಮ್‌ಫೈರ್ ರೈಫಲ್.

ಪ್ರತಿ ಗುಂಡು ಹಾರಿದ ಮೇಲೂ ಕೈಯಿಂದಲೇ ಹಿಡಿಯನ್ನೆತ್ತಿ, ಹಿಂದಕ್ಕೆಳೆದು ಖಾಲಿ ತೋಟೆಯನ್ನು ಹೊರಹಾಕಿ, ಮುಂದಕ್ಕೆ ತಳ್ಳಿ ಹೊಸದನ್ನು ತುಂಬಬೇಕಾದ ಅಗುಳಿಯಂತಹ ಭಾಗವೇ ಬೋಲ್ಟ್. ತೋಟೆಯನ್ನು ಸಿಡಿಸುವ ಮದ್ದು ಅದರ ತಳದ ನಡುವೆ ಇರದೆ ಅಂಚಿನ ಸುತ್ತ ಹರಡಿಕೊಂಡಿದ್ದರೆ ಅದು ರಿಮ್‌ಫೈರ್. ಈ ಜಾತಿಯಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘.22 ಲಾಂಗ್ ರೈಫಲ್’ ಎಂಬ ಪುಟ್ಟ ತೋಟೆ. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ. ಇಷ್ಟು ಹಗುರವಾದ ಪದಾರ್ಥದ ಮೇಲೆ ಇಷ್ಟು ಭಾರವಾದ ಚಿಂತನೆ ಹೇಗೆ ನಿಂತಿತು ಎಂಬುದು ಭೌತಶಾಸ್ತ್ರಕ್ಕಿಂತ ಮನಶ್ಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಾಗಿದೆ.

ಈ ಚಿಂತನೆಯ ಕ್ಷೇತ್ರ ಎಕ್ಸೆಲ್ ಹಾಳೆ. ಅದರಲ್ಲಿ ಚೆಕ್ ಗಣರಾಜ್ಯದ ಸಿಝಡ್ 457, ಫಿನ್ಲೆಂಡಿನ ಟಿಕ್ಕಾ ಟಿ1ಎಕ್ಸ್, ಜರ್ಮನಿಯ ಊಲ್ಮ್ ನಗರದ ಆನ್‌ಶುಟ್ಸ್ ಎಂಬ ಮೂರು ಮನೆತನಗಳು ಮುಖ್ಯವಾಗಿದ್ದು, ಜಾತಕ ಹೊಂದಿಸುವ ಜೋಯಿಸರಿಗೂ ಹೊಳೆಯದಷ್ಟು ಗುಣಗಳನ್ನು ಆತ ಕೂಡಿಸಿ ಕಳೆಯುತ್ತಾನೆ. 2019ರಲ್ಲಿ ಬಂದ 457ರ ಬೋಲ್ಟಿನ ಹಿಡಿಯನ್ನು 60 ಡಿಗ್ರಿಯಷ್ಟು ಎತ್ತಿದರೆ ಸಾಕು, ಅದರ ಹಿಂದಿನ ಮಾದರಿಗೆ 90 ಡಿಗ್ರಿ ಬೇಕಿತ್ತು ಎಂದು ತಿಳಿದ ರಾತ್ರಿ ಅವನಿಗೆ ನಿದ್ರೆ ಬರುವುದಿಲ್ಲ. ಆ ಉಳಿದ 30 ಡಿಗ್ರಿಯನ್ನು ತಾನು ಏನು ಮಾಡಲಿರುವೆನೆಂದು ಅವನು ಯೋಚಿಸಿದವನಲ್ಲ. 2002ರಲ್ಲಿ ಬಂದ ‘.17 ಎಚ್‌ಎಂಆರ್’ ಎಂಬ ಇನ್ನೊಂದು ತೋಟೆ ವೇಗದಲ್ಲಿ .22ನ್ನು ಬಹುದೂರ ಹಿಂದಿಕ್ಕುತ್ತದೆಂದು ಓದಿ ಹಾಳೆಗೆ ಹೊಸ ಕಾಲಂ ಸೇರಿಸುತ್ತಾನೆ. ಸ್ವೀಡನ್ನಿನ ಬೇಟೆ ನಿಯಮಗಳು ಗುಂಡಿನ ತೂಕ ಮತ್ತು 100 ಮೀಟರ್ ದೂರದಲ್ಲಿ ಅದಕ್ಕಿರುವ ಶಕ್ತಿಯನ್ನು ನೋಡಿ ತೋಟೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತವೆ, ಮೂರನೆಯ ದರ್ಜೆಗೇ ಕನಿಷ್ಠ 2.5 ಗ್ರಾಂ ತೂಕ ಮತ್ತು 200 ಜೂಲ್ ಶಕ್ತಿ ಬೇಕು, ಆದ್ದರಿಂದ ತೂಕದಲ್ಲಿ ಸೋತ ವೇಗದ ತೋಟೆಯೂ ಶಕ್ತಿಯಲ್ಲಿ ಸೋತ ನಿಧಾನದ ತೋಟೆಯೂ ಕೊನೆಯ ದರ್ಜೆಯಲ್ಲೇ ಕುಳಿತುಕೊಳ್ಳುತ್ತವೆ ಎಂಬುದು ಗೊತ್ತಾದಾಗ, ಎರಡು ವಾರದ ದುಡಿಮೆ ವ್ಯರ್ಥವಾಯಿತೆಂದು ಆತ ನೊಂದುಕೊಳ್ಳುವುದಿಲ್ಲ. ನಿರ್ಣಯ ಮತ್ತೆ ಮುಂದಕ್ಕೆ ಹೋಯಿತೆಂಬ ನೆಮ್ಮದಿ ಅವನ ಮುಖದಲ್ಲಿ ಕಾಣುತ್ತದೆ.

ಇಂತಹವನಿಗೆ ಸ್ವೀಡನ್ನಿನ ಆಯುಧ ಕಾನೂನು ವರವೂ ಹೌದು, ಶಾಪವೂ ಹೌದು. 1996ರ ಈ ಕಾಯ್ದೆಯಡಿ ಪರವಾನಗಿ ದೊರೆಯುವುದು ಮನುಷ್ಯನಿಗೆ ಒಟ್ಟಾರೆಯಾಗಿ ಅಲ್ಲ, ಒಂದೊಂದು ಆಯುಧಕ್ಕೂ ಪ್ರತ್ಯೇಕವಾಗಿ. ಅಂದರೆ ಮೊದಲು ರೈಫಲನ್ನು ಆರಿಸಿ, ಆಮೇಲೆ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿ, ಅನುಮತಿ ಬಂದ ಮೇಲಷ್ಟೇ ಅದನ್ನು ಮನೆಗೆ ತರಬೇಕು. ತಿಂಗಳುಗಟ್ಟಲೆ ಕಾಯಬೇಕಾಗಬಹುದೆಂಬ ಮಾತಿಗೆ ಉಳಿದವರು ಗೊಣಗಿದರೆ, ಈತ ಅದನ್ನು ಸರ್ಕಾರವೇ ಕೊಟ್ಟ ಅಧ್ಯಯನ ರಜೆಯೆಂದು ಸ್ವಾಗತಿಸುತ್ತಾನೆ. ತೊಂದರೆ ಬರುವುದು ಅರ್ಜಿಯ ಇನ್ನೊಂದು ಅಂಶದಿಂದ. ಯಾವ ರೈಫಲ್ ಎಂಬುದರ ಜೊತೆಗೆ ಅದರ ಅಗತ್ಯವೇನು ಎಂಬುದನ್ನೂ ಕಾನೂನು ಕೇಳುತ್ತದೆ. ‘ಯಾವುದು’ ಎಂಬುದಕ್ಕೆ ಅವನಲ್ಲಿ ಹದಿನಾಲ್ಕು ಕಾಲಂಗಳ ಉತ್ತರವಿದೆ. ‘ಏಕೆ’ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಅಗತ್ಯವೆಂಬುದನ್ನೂ ಸಂಶೋಧಿಸಿ ಸಂಪಾದಿಸಬಹುದೆಂದು ನಂಬಿ ಆತ ಮೊದಲು ಬೇಟೆಯ ಕಡೆಗೆ ಹೊರಳುತ್ತಾನೆ. ಬೇಟೆಗಾರನಾಗಲು ಅಲ್ಲಿ ಪರೀಕ್ಷೆಯುಂಟು. ಅದರ ಲಿಖಿತ ಭಾಗದಲ್ಲಿ 70 ಪ್ರಶ್ನೆಗಳಿದ್ದು, 60ಕ್ಕೆ ಸರಿಯುತ್ತರ ಬಾರದೆ ತೇರ್ಗಡೆಯಿಲ್ಲ. ಪರೀಕ್ಷೆಯೆಂದರೆ ಪ್ರಾಣ ಬಿಡುವ ನಾಡಿನಿಂದ ಬಂದವನಾದ್ದರಿಂದ, ಕಾಡುಕೋಳಿಗಳ ಜಾತಿಭೇದವನ್ನೂ ಹಿಮದ ಮೇಲಿನ ಹೆಜ್ಜೆಗುರುತುಗಳನ್ನೂ ಬಾಯಿಪಾಠ ಮಾಡಿ, ತನ್ನ ಮಹಡಿಯ ಎದುರುಮನೆಯವರ ಹೆಸರು ತಿಳಿಯದಿದ್ದರೂ ಅಳಿಲಿನ ಗೂಡನ್ನು ಗುರುತಿಸಬಲ್ಲವನಾಗುತ್ತಾನೆ. ಆದರೆ ಯಾರ ಕಾಡಿನಲ್ಲಾದರೂ ಅಡ್ಡಾಡಿ ಹಣ್ಣು, ಅಣಬೆ ಆರಿಸಿಕೊಳ್ಳಲು ಸರ್ವರಿಗೂ ಅವಕಾಶವಿರುವ ಆ ದೇಶದಲ್ಲಿ ಬೇಟೆಯ ಹಕ್ಕು ಮಾತ್ರ ಭೂಮಿಯ ಒಡೆಯನದು. ಬಾಡಿಗೆ ಫ್ಲಾಟಿನವನ ಪಾಲಿಗೆ ಉಳಿಯುವುದು ಬಾಲ್ಕನಿಯ ಪಾರಿವಾಳ, ಅದರ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ.

ಕಚೇರಿಯ ಸ್ವೀಡಿಷ್ ಸಹೋದ್ಯೋಗಿಯ ಸಲಹೆ ಕೇಳುವುದು ಮುಂದಿನ ಹಂತ. ಶರತ್ಕಾಲದಲ್ಲಿ ಒಂದು ವಾರ ರಜೆ ಹಾಕಿ ಉತ್ತರದ ಊರಿಗೆ ಹೋಗಿ, ಕುದುರೆಗಿಂತ ಎತ್ತರ ಬೆಳೆಯುವ, ಜಿಂಕೆಯ ಕುಲದ ದೈತ್ಯನಾದ ಮೂಸನ್ನು ಬೇಟೆಯಾಡಿ ಬರುವ ಈ ಮನುಷ್ಯನ ಬಳಿ ಇರುವುದು ಅಜ್ಜನ ಕಾಲದ ಹುಸ್ಕ್‌ವಾರ್ನ. ಇಂದು ಮರ ಕೊಯ್ಯುವ ಗರಗಸಕ್ಕೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಹೆಸರಾದ ಆ ಕಂಪನಿ 1689ರಲ್ಲಿ ಹುಟ್ಟಿದ್ದು ಕೋವಿ ಕಾರ್ಖಾನೆಯಾಗಿಯೇ ಎಂಬ ಇತಿಹಾಸವನ್ನು ಕೋವಿಯ ಮಾಲೀಕನಿಗೆ ನಮ್ಮವನೇ ಕಾಫಿಯ ವೇಳೆಯಲ್ಲಿ ವಿವರಿಸಿ, ನಲವತ್ತು ನಿಮಿಷ ಹಾಳೆ ತೋರಿಸಿದ ಮೇಲೆ, ಆ ಮಿತಭಾಷಿ ಬಟ್ಟಲನ್ನು ಕೆಳಗಿಟ್ಟು ಕೇಳುವುದು ಒಂದೇ ಮಾತು: “ಏನಕ್ಕೆ ಬೇಕು?”

ಬೇಟೆ ಕೈಕೊಟ್ಟ ಮೇಲೆ ಉಳಿಯುವುದು ಕ್ರೀಡೆ. ಹಿಮದ ಮೇಲೆ ಜಾರುಹಲಗೆ ಕಟ್ಟಿ ಓಡುತ್ತ, ನಡುನಡುವೆ ನಿಂತೋ ಮಲಗಿಯೋ 50 ಮೀಟರ್ ದೂರದ ಐದು ಗುರಿಗಳಿಗೆ .22 ರೈಫಲಿನಿಂದ ಹೊಡೆಯುವ ಬಯಾಥ್ಲಾನ್ ಸ್ವೀಡನ್ನಿನಲ್ಲಿ ಬಹು ಜನಪ್ರಿಯ. 1960ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರಿದಾಗ ಚಿನ್ನ ಗೆದ್ದವನು ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್, 2018ರಲ್ಲಿ ಮಹಿಳೆಯರ 15 ಕಿಲೋಮೀಟರಿನಲ್ಲಿ ಗೆದ್ದವಳು ಹನ್ನಾ ಓಬೆರಿ. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಎಂಬಿತ್ಯಾದಿ ಅಂಶಗಳನ್ನು ಟಿಪ್ಪಣಿ ಮಾಡಿಕೊಂಡು, ಓಸ್ಟರ್‌ಸುಂಡಿನ ಪಂದ್ಯವನ್ನು ಕಂಬಳಿ ಹೊದ್ದು ಟಿವಿಯಲ್ಲಿ ನೋಡುತ್ತ, ಓಟಗಾರ್ತಿಯರ ಉಸಿರಾಟವನ್ನು ವಿಮರ್ಶಿಸುವ ಈತ, ಬಸ್‌ಸ್ಟಾಪಿನ ಮಂಜುಗಡ್ಡೆಯ ಮೇಲೆ ಕೈಚೀಲ ಹಿಡಿದು ಹತ್ತು ಹೆಜ್ಜೆ ನೇರವಾಗಿ ನಡೆಯಲಾರನೆಂಬುದನ್ನು ಸೇರಿಸಿದರೆ ಚಿತ್ರ ಪೂರ್ಣವಾಗುತ್ತದೆ.

ಈ ವರ್ಗದ ಪರಿಶುದ್ಧ ಮಾದರಿಗಳಲ್ಲಿ ಮಡದಿ ಕೊಡಗಿನವಳಾಗಿರುತ್ತಾಳೆ. ಗಂಡನ ವಂಶದಲ್ಲಿ ಆಯುಧಪೂಜೆಯೆಂದರೆ ಸ್ಕೂಟರಿಗೆ ಕುಂಕುಮವಿಟ್ಟು ನಿಂಬೆಹಣ್ಣಿನ ಮೇಲೆ ಹಾಯಿಸುವುದು. ಅವಳ ಮನೆತನದಲ್ಲಿ ಮಗು ಹುಟ್ಟಿದರೂ ಹಿರಿಯರು ತೀರಿದರೂ ಕೋವಿ ಮಾತಾಡಬೇಕು. ಸೆಪ್ಟೆಂಬರಿನ ಮೊದಲ ದಿನಗಳ ಕೈಲ್‌ಪೊಳ್ದ್ ಹಬ್ಬದಲ್ಲಿ, ತೋಕ್ ಪೂ ಎಂದು ಅಲ್ಲಿಯವರು ಕರೆಯುವ ಅಗ್ನಿಶಿಖೆಯ ಹೂವಿನಿಂದ ಕೋವಿಯನ್ನು ಸಿಂಗರಿಸಿ ಪೂಜಿಸಿ, ಹಂದಿಕರಿ, ಕಡಂಬುಟ್ಟು ಉಂಡು, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಲ್ಲಿಯ ಸಂಪ್ರದಾಯ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿಯಿಟ್ಟುಕೊಳ್ಳಲು 1861ರಲ್ಲಿ ಸಿಕ್ಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕಾನೂನೇ ಏಕೆಂದು ಕೇಳದ ಮನೆತನದಲ್ಲಿ ಬೆಳೆದ ಆಕೆಯೂ ಗಂಡನ ಹಾಳೆಯನ್ನು ಓದಿ, “ಇದೆಲ್ಲ ಸರಿ, ಯಾಕೆ ಬೇಕು ರೀ?” ಎಂದು ಕೇಳಿದಾಗ, ಪ್ರಶ್ನೆಯ ಮೂರನೆಯ ಆವೃತ್ತಿ ಹೊರಬಂದಂತಾಗುತ್ತದೆ.

ಉತ್ತರವಿಲ್ಲದ ಗಂಡಸು ಕಾರ್ಯೋನ್ಮುಖನಾಗುವುದು ಲೋಕಸ್ವಭಾವ. ಕೋವಿಗಳನ್ನು ಎಸ್‌ಎಸ್ 3492 ಎಂಬ ಸ್ವೀಡಿಷ್ ಮಾನಕಕ್ಕೊಪ್ಪುವ ಉಕ್ಕಿನ ಕಪಾಟಿನಲ್ಲಿ ಇಡುವುದು ಅಲ್ಲಿಯ ಪದ್ಧತಿಯಾದ್ದರಿಂದ, ಆತ ಮೊದಲು ಕಪಾಟನ್ನು ಕೊಳ್ಳುತ್ತಾನೆ. ಅದನ್ನು ಹೊತ್ತು ಮಹಡಿಗೇರಿಸಿದ ನಾಲ್ವರು ಕನ್ನಡಿಗರು ಬಿಸಿಬೇಳೆಬಾತಿನ ಮೇಲೆ ಕೋವಿಯೆಲ್ಲಿ ಎಂದು ವಿಚಾರಿಸಿ ಹೋಗುತ್ತಾರೆ. ಖಾಲಿಯಿರುವುದು ಶುಭವಲ್ಲವೆಂದು ಅದರೊಳಗೆ ಪಾಸ್‌ಪೋರ್ಟುಗಳು, ಹಾಸನದ ಸೈಟಿನ ಕ್ರಯಪತ್ರ, ಮದುವೆಯ ಸೀರೆ ಮತ್ತು, ಮಕ್ಕಳ ಕೈಗೆ ಸಿಗಬಾರದೆಂದು, ಊರಿನಿಂದ ಬಂದ ಚಕ್ಕುಲಿ ಸೇರುತ್ತವೆ.

ಕೊನೆಗೆ ಗಂಡಹೆಂಡಿರಿಬ್ಬರೂ ಹತ್ತಿರದ ಗುರಿಕಾರರ ಸಂಘವೊಂದನ್ನು ಸೇರುತ್ತಾರೆ. ಹೊಸಬರಿಗೆ ಸಂಘವೇ ರೈಫಲ್ ಎರವಲು ಕೊಡುತ್ತದೆ. ಆತ ಎರವಲು ರೈಫಲಿನ ಲೋಪಗಳನ್ನು ಬರೆದುಕೊಳ್ಳುತ್ತಿರುವ ಹೊತ್ತಿಗೆ ಆಕೆ ಹೊಡೆದಿರುತ್ತಾಳೆ, ಹೊಡೆದದ್ದು ನಡುವಿಗೇ ಬಿದ್ದಿರುತ್ತದೆ. ವಾರವಾರವೂ ಬಂದು ಅಭ್ಯಾಸ ಮಾಡುವ ಸದಸ್ಯೆಯೆಂದು ಸಂಘ ಅವಳ ಹೆಸರಿನಲ್ಲಿ ದೃಢೀಕರಣ ಬರೆದುಕೊಟ್ಟಾಗ, ಕಾನೂನು ಇಷ್ಟು ದಿನ ಹುಡುಕುತ್ತಿದ್ದ ಅಗತ್ಯ ಆ ಮನೆಯಲ್ಲಿ ಮೊದಲ ಬಾರಿಗೆ ಹುಟ್ಟುತ್ತದೆ. ಯಾವ ರೈಫಲ್ ಎಂದು ಗಂಡ ಹಾಳೆ ತೆರೆಯುವಷ್ಟರಲ್ಲಿ ಆಕೆ ಸಂಘದ ಹಿರಿಯರೊಬ್ಬರು ಮಾರುತ್ತಿದ್ದ ಹಳೆಯದನ್ನು ಭುಜಕ್ಕಿಟ್ಟು ನೋಡಿ, ಅರ್ಜಿ ಹಾಕಿಯಾಗಿರುತ್ತದೆ.

ಪರವಾನಗಿ ಬಂದ ಮೇಲೆ ಕಾನೂನಿನ ಉಳಿದರ್ಧ ಜಾರಿಗೆ ಬರುತ್ತದೆ. ಪರವಾನಗಿಯುಳ್ಳವರನ್ನು ಬಿಟ್ಟು ಬೇರಾರಿಗೂ, ಕಟ್ಟಿಕೊಂಡ ಗಂಡನಿಗೂ, ಕಪಾಟಿನ ಕೀಲಿ ಎಟುಕಬಾರದು. ಪರವಾನಗಿದಾರಳ ಉಸ್ತುವಾರಿಯಲ್ಲಿ, ಅವಳ ಕಣ್ಣೆದುರಿಗೆ ಮಾತ್ರ ಆತ ಆ ರೈಫಲನ್ನು ಹಿಡಿಯಬಹುದು. ಹೀಗೆ ಆ ಮನೆಯಲ್ಲಿ ರಿಮ್‌ಫೈರ್ ರೈಫಲಿನ ಬಗ್ಗೆ ಎಲ್ಲವನ್ನೂ ಬಲ್ಲ ಏಕೈಕ ವ್ಯಕ್ತಿಯಿಂದಲೇ ರೈಫಲನ್ನು ಬಚ್ಚಿಡುವ ಹೊಣೆಯನ್ನು ಸ್ವೀಡನ್ನಿನ ಶಾಸನ ಅವನ ಹೆಂಡತಿಗೆ ವಹಿಸುತ್ತದೆ. ಪಾಸ್‌ಪೋರ್ಟು, ಕ್ರಯಪತ್ರಗಳು ಕಪಾಟಿನಿಂದ ಹೊರಬೀಳುತ್ತವೆ. ಚಕ್ಕುಲಿ ಮಾತ್ರ ಒಳಗೇ ಉಳಿಯುತ್ತದೆ, ಏಕೆಂದು ಯಾರೂ ಕೇಳುವುದಿಲ್ಲ.