ಕೈಗೆ ಸೀಟು, ಬುರುಡೆಗೆ ಗಟಾರ

2018ರ ಜನವರಿಯಲ್ಲಿ ಒಂದು ಕೈ ವಿಮಾನದಲ್ಲಿ ಸೀಟು ಹಿಡಿದು ಕೂತು ಕೆನಡಾ ಸುತ್ತಿತು. ಹಳೇ ಗೋವಾದ ಬಾಂ ಜೀಸಸ್ ಬೆಸಿಲಿಕಾದಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಬಲಗೈ ಅದು. 1614ರಲ್ಲಿ ಅದನ್ನು ಕತ್ತರಿಸಿ ರೋಮಿಗೆ ಒಯ್ದರು, 1622ರಲ್ಲಿ ಸಂತ ಪದವಿ ಬಂತು. ಕೈ ಬೆಚ್ಚಗೆ ಮಾಡದೆ ಫೈಲು ಸರಿಯದು ಎಂಬುದು ನಮ್ಮ ತಾಲ್ಲೂಕು ಕಚೇರಿಗಳ ಅನುಭವ. ಅಲ್ಲಿ ಪಾಪ, ಕೈಯನ್ನೇ ಕೊಡಬೇಕಾಯಿತು.

ಹೊಟ್ಟೆಕಿಚ್ಚಿನ ಮಾತಲ್ಲ ಇದು. ಎಲುಬು ಕಾಯುವುದನ್ನು ಗೋವಾದವರಿಂದಲೇ ಕಲಿಯಬೇಕು. 1552ರಲ್ಲಿ ಚೀನಾದ ಅಂಚಿನ ದ್ವೀಪವೊಂದರಲ್ಲಿ ತೀರಿಕೊಂಡವರನ್ನು ಮಲಾಕ್ಕಾ ಮೇಲೆ ಹಾಯಿಸಿ 1554ರಲ್ಲಿ ತಂದು, ಮುಂದೆ ಬೆಳ್ಳಿ ಪೆಟ್ಟಿಗೆ ಮಾಡಿಸಿ, ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೂ ಇಡುತ್ತಾರೆ. ಸಮೀಪದ ಸೇಂಟ್ ಅಗಸ್ಟಿನ್ ಚರ್ಚಿನ ಪಾಳಿನಲ್ಲಿ ಸಿಕ್ಕ ಎಲುಬಿಗೆ ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯಾಯಿತು. 1624ರಲ್ಲಿ ಪರ್ಶಿಯಾದಲ್ಲಿ ಕೊಲೆಯಾದ ಜಾರ್ಜಿಯಾದ ರಾಣಿ ಕೆಟೆವಾನ್ ಇವರೇ ಎಂದಾಯಿತು. 2021ರಲ್ಲಿ ನಮ್ಮ ವಿದೇಶಾಂಗ ಸಚಿವರೇ ಹೋಗಿ ಒಪ್ಪಿಸಿ ಬಂದರು. ಚರ್ಚಿನ ಲೆಕ್ಕವೂ ಚೊಕ್ಕ: ಸಂತರ ಶರೀರ ಒಂದನೇ ದರ್ಜೆ, ತೊಟ್ಟ ಬಟ್ಟೆ ಎರಡನೇದು, ತಾಗಿಸಿದ್ದು ಮೂರನೇದು. ಮೇಲೆ ಮೊಹರು ಒತ್ತಿದ ಪ್ರಮಾಣಪತ್ರ.

ವಾಸ್ಕೋದಿಂದ ಹಳಿ ಹಿಡಿದು ಹುಬ್ಬಳ್ಳಿ ದಾಟಿದರೆ ಅಣ್ಣಿಗೇರಿ. ಪಂಪನ ಊರು, ಅಮೃತೇಶ್ವರನ ಊರು. 2010ರಲ್ಲಿ ಗಟಾರ ತೋಡುವಾಗ ಅಲ್ಲಿ ಸಾಲುಸಾಲು ಬುರುಡೆ ಎದ್ದವು, ನೂರಾರು. ಯಾವ ದರ್ಜೆಯೂ ಇಲ್ಲ, ಮೊಹರೂ ಇಲ್ಲ. ಮಣ್ಣು ಕೊಡವುವ ಮೊದಲೇ ಕಡಿದ ಸುಲ್ತಾನ ಯಾರೆಂಬುದು ಚಹಾದಂಗಡಿಗಳಲ್ಲಿ ಇತ್ಯರ್ಥವಾಯಿತು. ಸುಲ್ತಾನರ ಪಟ್ಟಿ ಉದ್ದವಿದ್ದುದರಿಂದ ಯಾರಿಗೂ ನಿರಾಶೆಯಾಗಲಿಲ್ಲ. ಪ್ರಯೋಗಾಲಯಗಳೂ ಚರ್ಚೆಗೆ ಕೂತವು: ಒಂದು ಆರು ಶತಮಾನದ ಹಿಂದಿನವು ಎಂದಿತು, ಅಮೆರಿಕದ್ದು ಎರಡು ಶತಮಾನದ ಆಸುಪಾಸು ಎಂದಿತು. ಕಡೆಗೆ, 1790ರ ದಶಕದ ಡೋಗಿ ಬರದಲ್ಲಿ ಅನ್ನವಿಲ್ಲದೆ ಸತ್ತವರಿರಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು.

ಅಲ್ಲಿಗೆ ಉತ್ಸಾಹವೂ ಇಳಿಯಿತು. ಸುಲ್ತಾನ ಕಡಿದಿದ್ದರೆ ಒಂದು ಸ್ಮಾರಕ, ಒಂದು ರಥಯಾತ್ರೆ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಫ್ಲೆಕ್ಸು ಗ್ಯಾರಂಟಿ ಇತ್ತು. ಹೊಟ್ಟೆಗಿಲ್ಲದೆ ಸತ್ತವರ ಮೇಲೆ ಭಾಷಣ ಬಿಗಿಯುವುದು ಅಪಾಯ. ಎದುರಿಗೆ ಕೂತವರು ರದ್ದಾದ ರೇಷನ್ ಕಾರ್ಡು ತೆಗೆದು ತೋರಿಸುತ್ತಾರೆ.