ಭೂದಾಳಿಯ ಕಾರ್ಣಿಕ

ಭಾರತ-ಪಾಕಿಸ್ತಾನ ಸಂಘರ್ಷ ನಡೆದಿದ್ದ 2025ರ ಮೇ 8ರ ರಾತ್ರಿ, ಕೊಟ್ಟೂರಿನ ಮಿರ್ಚಿ ಎಣ್ಣೆಯಿಂದ ಮೇಲೇಳುವಷ್ಟರಲ್ಲಿ ಕರಾಚಿ ಬಂದರು ಧ್ವಂಸವಾಗಿತ್ತು. ಮಂಡಕ್ಕಿ ಖಾಲಿಯಾಗುವ ಹೊತ್ತಿಗೆ ನಮ್ಮ ಸೈನ್ಯ ಇಸ್ಲಾಮಾಬಾದ್ ಹೊಕ್ಕಿತ್ತು. ಎಲ್ಲವನ್ನೂ ಮಾಡಿಸಿದ್ದು ಟಿವಿ.

"ಭೂಸೇನೆ ಖರೇವಂದ್ರೂ ಒಳಗ ಹೊಕ್ಕೇತೇನ್ರೀ?"

"ಟಿವಿಯಾಗ ಕೆಂಪು ಬಾಣ ತೋರ್ಸಾಕ ಹತ್ಯಾರ, ಕಾಣವಲ್ದೇನು?"

ಬಾಣ ತೋರಿಸಿದ ಮೇಲೆ ಮುಗಿಯಿತು. ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯಲ್ಲೂ ಆ ರಾತ್ರಿ ಶಾಂತಿಗೆ ಗಿರಾಕಿ ಇರಲಿಲ್ಲ. ಹರಪನಹಳ್ಳಿಯವರಂತೂ ಗಡಿ ದಾಟುವ ವಿದ್ಯೆಯಲ್ಲಿ ಪಳಗಿದವರು: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದವರು. ಅದೂ ಒಂದು ಗುಂಡು ಹಾರಿಸದೆ, ಬರೀ ಮನವಿಪತ್ರ ಕೊಟ್ಟು. ಅಂಥವರನ್ನು ಯಾವ ಚಾನೆಲ್ಲೂ ಚರ್ಚೆಗೆ ಕರೆಯಲಿಲ್ಲ.

ಮೇ 10ರ ಸಂಜೆ 5 ಗಂಟೆಗೆ ಕದನವಿರಾಮ. ಇಸ್ಲಾಮಾಬಾದಿಗೆ ಹೋಗಿದ್ದ ಸೈನ್ಯ ಯಾವ ದಾರಿ ಹಿಡಿದು ವಾಪಸಾಯಿತೆಂದು ಯಾರೂ ಹೇಳಲಿಲ್ಲ. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿರೆಂದು ಅದೇ ದಿನ ಕೇಂದ್ರ ಗೃಹ ಇಲಾಖೆಯೇ ಚಾನೆಲ್‌ಗಳಿಗೆ ತಿಳಿಹೇಳಬೇಕಾಯಿತು. ನಿಜವಾದ ಸೈರನ್ ಕೂಗಿದಾಗ ಜನ ರಿಮೋಟ್ ಹುಡುಕುತ್ತ ಕೂತರೆ ಯಾರು ಹೊಣೆ?

ಭೂದಾಳಿಯ ಭವಿಷ್ಯ ಹೇಳುವುದು ಎಂಥ ಸುಖದ ಉದ್ಯೋಗ ನೋಡಿ. ಸಂಸತ್ತಿನ ಮೇಲೆ 2001ರ ಡಿಸೆಂಬರ್ 13ರಂದು ದಾಳಿಯಾದ ಮೇಲೆ ಸೈನ್ಯ ಗಡಿಗೆ ಹೋಗಿ ಸುಮಾರು ಹತ್ತು ತಿಂಗಳು ಕಾದು ನಿಂತಿತು. ಇವತ್ತು ನುಗ್ಗುತ್ತದೆ, ನಾಳೆ ನುಗ್ಗುತ್ತದೆ ಎಂದು ಪಂಡಿತರು ಹೇಳುತ್ತಲೇ ಇದ್ದರು, ನುಗ್ಗಲಿಲ್ಲ. 2022ರಲ್ಲಿ ಉಲ್ಟಾ. ರಷ್ಯಾ ಬರೀ ಹೆದರಿಸುತ್ತಿದೆ ಎಂದವರು ಬೇಕಾದಷ್ಟು ಜನ. ಫೆಬ್ರುವರಿ 24ಕ್ಕೆ ಟ್ಯಾಂಕುಗಳು ಉಕ್ರೇನಿಗೆ ನುಗ್ಗಿದವು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ, ನಮ್ಮ ಹೊಳೆಯಾಚೆಯ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ವೈದ್ಯಕೀಯ ಓದಲು ಹೋದವನು, ಶೆಲ್ ದಾಳಿಗೆ ಸತ್ತ. ಲೆಕ್ಕ ತಪ್ಪಿದವರು ಮರುದಿನ ಅದೇ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬೇರೆ ಅಂಗಿ ತೊಟ್ಟು, ಯುದ್ಧದ ಮುಂದಿನ ಹಂತ ವಿವರಿಸುತ್ತಿದ್ದರು.

ಅತ್ತ 2025ರ ಜುಲೈಯಲ್ಲಿ ರಾಜ್ಯದ ಉದ್ದಗಲಕ್ಕೂ ರೈತರು ಯೂರಿಯಾಕ್ಕೆ ಸಾಲು ನಿಂತರಲ್ಲ, ಆ ದಾಳಿಯನ್ನು ಮುಂಚಿತವಾಗಿ ಯಾವ ರಕ್ಷಣಾ ತಜ್ಞನೂ ಊಹಿಸಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಮೆಕ್ಕೆಜೋಳಕ್ಕೆ ಬಾಣ ಗುರುತು ಹಾಕುವ ಗ್ರಾಫಿಕ್ಸ್ ಇನ್ನೂ ಬಂದಿಲ್ಲವೇನೋ.

ಭವಿಷ್ಯ ಹೇಳುವ ಶಿಸ್ತು ಕಲಿಯಬೇಕಿದ್ದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬರಲಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರ್ಣಿಕ ನುಡಿಯುವ ಗೊರವಯ್ಯ 11 ದಿನ ಉಪವಾಸ ಇರುತ್ತಾನೆ. ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂದರೆ ಲಕ್ಷ ಜನ ಗಪ್‌ಚಿಪ್. ಒಂದೇ ಮಾತು ನುಡಿದು ಮೇಲಿಂದ ಬೀಳುತ್ತಾನೆ. ಮಳೆಯೋ ಬೆಳೆಯೋ ರಾಜಕೀಯವೋ, ಅರ್ಥ ಹಚ್ಚುವ ಪಾಡು ನಮ್ಮದು. ನಡುವೆ ಜಾಹೀರಾತಿಲ್ಲ, ಎದುರು ಪಕ್ಷದ ವಕ್ತಾರರಿಲ್ಲ.

ಸ್ಟುಡಿಯೊ ತಜ್ಞರಿಗೂ ಇದೇ ನಿಯಮ ಜಾರಿಯಾಗಲಿ: 11 ದಿನ ಉಪವಾಸ, ಬಿಲ್ಲು, ಒಂದೇ ಮಾತು, ಆಮೇಲೆ ಕೆಳಗೆ. ಹನ್ನೊಂದು ದಿನ ಬೇಡ, ಒಂದು ಹೊತ್ತು ಬಾಯಿ ಮುಚ್ಚಿದರೂ ನಡೆದೀತು. ಆದರೆ ಬೀಳುವಾಗ ಹಿಡಿಯುವವರನ್ನು ಅವರೇ ಕರೆತರಬೇಕು. ಕೊಟ್ಟೂರಿನಿಂದ ಹಡಗಲಿಯವರೆಗೆ ಕೇಳಿ ನೋಡಿದ್ದಾಯಿತು, ಒಬ್ಬರೂ ಒಪ್ಪುತ್ತಿಲ್ಲ.